ಉಪ್ಪು ತಿಂದವರು ಯಾರೋ, ನೀರು ಕುಡಿಯುವವರು ಯಾರೋ

ಮಳೆಗಾಲ ಬಂತೆಂದರೆ ಆಲಮಟ್ಟಿ ಮತ್ತು ನಾರಾಯಣಪುರ ಜಲಾಶಯಗಳ ಮಟ್ಟ ಎಷ್ಟು, ಒಳಹರಿವು ಎಷ್ಟು, ಹೊರಹರಿವು ಎಷ್ಟು ಎಂಬುದು ದಿನಾ ಪತ್ರಿಕೆಯಲ್ಲಿ ಅಚ್ಚಾಗುತ್ತದೆ. ಟಿಎಂಸಿ, ಕ್ಯೂಸೆಕ್ ಎಂಬ ಮಾತುಗಳು ನಮ್ಮ ಕಡೆ ಚಹಾದಂಗಡಿಯ ಕಟ್ಟೆಯ ಮೇಲೂ ಸಲೀಸಾಗಿ ಓಡಾಡುತ್ತವೆ. ಆದರೆ ಅದೇ ನೀರು ಕಾಲುವೆಯಲ್ಲಿ ಹರಿದು, ಹೊಲ ಸೇರಿ, ಮಣ್ಣಿನೊಳಗೆ ಇಳಿದು, ಬಸಿದು, ಹಳ್ಳದ ಮೂಲಕ ಹೊಳೆಗೆ ವಾಪಸು ಬರುವಾಗ ಎಷ್ಟು ಉಪ್ಪು ಹೊತ್ತು ತರುತ್ತದೆ ಎಂಬ ಲೆಕ್ಕವನ್ನು ಯಾರೂ ಕೇಳುವುದಿಲ್ಲ. ಹೊಳೆಯ ನೀರನ್ನು ಅಲ್ಲಲ್ಲಿ ಪರೀಕ್ಷಿಸುವ ಕೇಂದ್ರಗಳಿವೆ, ನಿಜ. ಆದರೆ ಕಾಲುವೆಗೆ ಯಾವಾಗ ನೀರು ಬಿಡಬೇಕು, ಎಷ್ಟು ಬಿಡಬೇಕು, ಯಾವ ಬೆಳೆಗೆ ಬಿಡಬೇಕು ಎಂದು ತೀರ್ಮಾನ ಆಗುವ ಸಭೆಗಳಲ್ಲಿ ಆ ಅಂಕಿಗಳಿಗೆ ಕುರ್ಚಿಯಿಲ್ಲ. ನನ್ನ ತಕರಾರು ಇದೇ. ಕೃಷ್ಣೆಯ ನೀರಿಗಾಗಿ ನ್ಯಾಯಾಧಿಕರಣದ ತನಕ ಹೋದ ನಾವು, ಕೃಷ್ಣೆಗೆ ನಾವೇ ಸುರಿಯುತ್ತಿರುವ ಉಪ್ಪಿನ ಬಗ್ಗೆ ಒಂದು ಪುಟದ ಲೆಕ್ಕವನ್ನೂ ಇಟ್ಟಿಲ್ಲ.

ವಡಗೇರಾವನ್ನು ನಕಾಶೆಯಲ್ಲಿ ನೋಡಿ. ಶಹಾಪುರದಿಂದ ಬೇರೆಯಾಗಿ ಕೆಲವು ವರ್ಷಗಳ ಹಿಂದಷ್ಟೇ ತಾಲ್ಲೂಕಾದ ಊರು. ಒಂದು ಮಗ್ಗುಲಿಗೆ ಕೃಷ್ಣೆ, ಇನ್ನೊಂದು ಮಗ್ಗುಲಿಗೆ ಭೀಮೆ. ನಡುವಿನ ನೆಲದ ಒಂದಷ್ಟು ಹಳ್ಳಗಳು ಈ ಕಡೆ ಇಳಿಯುತ್ತವೆ, ಒಂದಷ್ಟು ಆ ಕಡೆ. ಸ್ವಲ್ಪ ಮುಂದೆ, ರಾಯಚೂರಿನ ಉತ್ತರಕ್ಕೆ ಎರಡೂ ಹೊಳೆಗಳು ಕೂಡಿ ತೆಲಂಗಾಣದ ಜುರಾಲಾ ಜಲಾಶಯದ ಕಡೆ ಹೋಗುತ್ತವೆ. ನಾರಾಯಣಪುರ ಎಡದಂಡೆ ಕಾಲುವೆ ಮತ್ತು ಅದರ ಶಹಾಪುರ ಶಾಖಾ ಕಾಲುವೆಯ ನೀರು ಸುರಪುರ, ಶಹಾಪುರಗಳ ಹೊಲ ತೋಯಿಸಿ ಕೊನೆಗೆ ಬರುವುದು ಈ ಕಡೆಗೆ. ಅಂದರೆ ಕಾಲುವೆಯ ಲೆಕ್ಕದಲ್ಲಿ ಇದು ಬಾಲ. ಬಾಲದ ರೈತರು ಸಕಾಲಕ್ಕೆ ನೀರು ಬಂದಿಲ್ಲವೆಂದು ರಸ್ತೆಗೆ ಇಳಿಯುವುದು ಹೊಸ ಸುದ್ದಿಯಲ್ಲ. ಹೊಲಕ್ಕೆ ಬೇಕಾದ ಸಿಹಿನೀರು ತಡವಾಗಿ ಬರುತ್ತದೆ, ಮೇಲಿನ ಹೊಲಗಳಿಂದ ಬಸಿದ ಸವಳು ನೀರು ಮಾತ್ರ ಹೇಳದೆ ಕೇಳದೆ ತಗ್ಗಿಗೆ ಬಂದು ನಿಲ್ಲುತ್ತದೆ. ಉಪ್ಪು ತಿಂದವ ನೀರು ಕುಡಿಯಲೇಬೇಕು ಎನ್ನುವ ಗಾದೆ ಇಲ್ಲಿ ತಲೆಕೆಳಗಾಗಿದೆ.

ಇದು ಹೇಗೆ ಆಗುತ್ತದೆ ಎಂಬುದನ್ನು ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಇದರ ಸುತ್ತ ಅನಗತ್ಯವಾದ ನಿಗೂಢತೆ ಬೆಳೆದಿದೆ. ಸಿಹಿನೀರಿನಲ್ಲೂ ಉಪ್ಪಿರುತ್ತದೆ, ನಾಲಗೆಗೆ ಹತ್ತುವುದಿಲ್ಲ ಅಷ್ಟೆ. ಕಾಲುವೆಯ ಒಂದು ಲೀಟರ್ ನೀರಿನಲ್ಲಿ 300 ಮಿಲಿಗ್ರಾಂ ಲವಣ ಇದೆ ಎಂದು ಇಟ್ಟುಕೊಳ್ಳಿ. ಒಂದು ಎಕರೆ ಹೊಲಕ್ಕೆ ಒಂದು ಹಂಗಾಮಿನಲ್ಲಿ ಒಟ್ಟು ಒಂದು ಮೀಟರ್ ಆಳದಷ್ಟು ನೀರು ಕಟ್ಟಿದರೆ ಸುಮಾರು 4000 ಘನಮೀಟರ್ ಆಯಿತು. ಅದರ ಜೊತೆ ಬಂದ ಉಪ್ಪು 1200 ಕಿಲೋ. ಐವತ್ತು ಕಿಲೋದ ಚೀಲದಲ್ಲಿ ತುಂಬಿದರೆ 24 ಚೀಲ. ಒಂದು ಎಕರೆಗೆ, ಒಂದು ಬೆಳೆಗೆ. ಬೆಳೆ ನೀರು ಕುಡಿಯುತ್ತದೆ, ಬಿಸಿಲು ನೀರು ಕುಡಿಯುತ್ತದೆ, ಉಪ್ಪನ್ನು ಇಬ್ಬರೂ ಹೆಚ್ಚುಕಡಿಮೆ ಮುಟ್ಟುವುದಿಲ್ಲ. ಅದು ಒಂದೋ ಮಣ್ಣಿನಲ್ಲಿ ಉಳಿಯಬೇಕು, ಇಲ್ಲವೇ ಕೆಳಗೆ ಇಳಿದು ಅಂತರ್ಜಲ ಸೇರಬೇಕು.

ನಮ್ಮ ಎರೆಭೂಮಿ ಜಿಗುಟು ಮಣ್ಣು. ನೀರನ್ನು ಹಿಡಿದಿಡುತ್ತದೆ, ಸುಲಭಕ್ಕೆ ಬಿಟ್ಟುಕೊಡುವುದಿಲ್ಲ. ಅದರ ಕೆಳಗೆ ಹಲವು ಕಡೆ ಗಟ್ಟಿ ಕಲ್ಲು. ಇಳಿದ ನೀರಿಗೆ ಇನ್ನೂ ಆಳಕ್ಕೆ ಹೋಗಲು ದಾರಿಯಿಲ್ಲದ್ದರಿಂದ ಅದು ಅಲ್ಲೇ ಏರುತ್ತಾ ಬರುತ್ತದೆ. ಶಿಥಿಲವಾದ ಕಲ್ಲು ಮತ್ತು ಮಣ್ಣಿನಲ್ಲಿ ಮೊದಲೇ ಇದ್ದ ಹಳೆಯ ಲವಣವನ್ನೂ ಕರಗಿಸಿಕೊಳ್ಳುತ್ತದೆ. ನೀರಿನ ಮಟ್ಟ ನೆಲದಿಂದ ಎರಡು ಮೀಟರಿನೊಳಗೆ ಬಂತೆಂದರೆ ಬಿಸಿಲು ಅದನ್ನು ಬತ್ತಿಯಂತೆ ಮೇಲಕ್ಕೆ ಎಳೆಯುತ್ತದೆ. ನೀರು ಆವಿಯಾಗಿ, ಬದುವಿನ ಮೇಲೆ, ಸಾಲಿನ ನೆತ್ತಿಯ ಮೇಲೆ ಬಿಳಿ ಪೊರೆ ಉಳಿಯುತ್ತದೆ. ಅದಕ್ಕೆ ನಮ್ಮವರು ಇಟ್ಟ ಹೆಸರು ಸವಳು. ನೀರು ನಿಂತು ಬೇರು ಕೊಳೆಯುವುದಕ್ಕೆ ಜವಳು. ಸವಳು-ಜವಳು ಎಂದು ಜೋಡಿಯಾಗಿಯೇ ಹೇಳುತ್ತಾರೆ, ಅವಳಿ ಮಕ್ಕಳ ಹೆಸರಿನ ಹಾಗೆ. ಇನ್ನು ಹಳ್ಳದ ತಳಕ್ಕಿಂತ ಎತ್ತರಕ್ಕೆ ಏರಿ ನಿಂತ ಅಂತರ್ಜಲ ಸುಮ್ಮನೆ ನಿಲ್ಲುವುದಿಲ್ಲ. ಹಳ್ಳದ ದಂಡೆಯಿಂದ ಒಸರಿ ಹೊಳೆಯತ್ತ ನಡೆಯುತ್ತದೆ. ಮಳೆಯಿಲ್ಲದ ತಿಂಗಳಲ್ಲೂ ಹರಿಯುವ ಹಳ್ಳ ಕಂಡು ನಾವು ಸಂತೋಷಪಡುತ್ತೇವೆ. ಅಚ್ಚುಕಟ್ಟಿನ ಹಳ್ಳ ಬೇಸಿಗೆಯಲ್ಲಿ ಹರಿಯುತ್ತಿದ್ದರೆ ಅದು ಬಹುಪಾಲು ಬಸಿನೀರು.

ಈ ಬಸಿನೀರಿಗೆ ನೀರಾವರಿ ಭಾಷೆಯಲ್ಲಿ ಒಂದು ಗೌರವದ ಹೆಸರಿದೆ: ಮರುಹರಿವು. ಆರ್.ಎಸ್. ಬಚಾವತ್ ಅಧ್ಯಕ್ಷತೆಯ ಕೃಷ್ಣಾ ಜಲವಿವಾದ ನ್ಯಾಯಾಧಿಕರಣ 1973ರ ಡಿಸೆಂಬರಿನಲ್ಲಿ ವರದಿ ಕೊಟ್ಟಿತು, 1976ರಲ್ಲಿ ಅದು ಅಂತಿಮವಾಯಿತು. 2060 ಟಿಎಂಸಿ ನೀರನ್ನು ಮೂರು ರಾಜ್ಯಗಳಿಗೆ ಹಂಚಿದ ನ್ಯಾಯಾಧಿಕರಣ ಅದರ ಮೇಲೆ ಇನ್ನೂ 70 ಟಿಎಂಸಿಯನ್ನು ಮರುಹರಿವಿನ ಲೆಕ್ಕದಲ್ಲಿ ಸೇರಿಸಿತು. ಕರ್ನಾಟಕದ 700 ಟಿಎಂಸಿ ಹೀಗೆ 734 ಆಯಿತು. ಈ 34 ಟಿಎಂಸಿ ನಮಗೆ ಸಿಕ್ಕ ಪಾಲು ಎಂದು ನಾವು ಇವತ್ತಿಗೂ ಎಣಿಸುತ್ತೇವೆ. ಹೊಲದಿಂದ ಬಸಿದು ಬಂದ ನೀರು ಎಂದರೆ ಮತ್ತೆ ಬಳಸಬಹುದಾದ ನೀರು ಎಂಬುದು ಅದರ ಹಿಂದಿನ ಒಪ್ಪಿಗೆ. ಹೊಲಕ್ಕೆ ಹೋದ ನೀರು ಮತ್ತು ಹೊಲದಿಂದ ಬಂದ ನೀರು ಒಂದೇ ಅಲ್ಲ ಎಂಬ ಮಾತಿಗೆ ಟಿಎಂಸಿಯ ಅಳತೆಯಲ್ಲಿ ಜಾಗವಿಲ್ಲ.

ಅದೇ 1973ರ ಆಗಸ್ಟಿನಲ್ಲಿ ಭೂಮಿಯ ಇನ್ನೊಂದು ಮೂಲೆಯಲ್ಲಿ ಇನ್ನೊಂದು ಹೊಳೆಯ ಜಗಳ ಬಗೆಹರಿಯಿತು. ಅಮೆರಿಕದ ಅರಿಝೋನಾದಲ್ಲಿ ವೆಲ್ಟನ್-ಮೊಹಾಕ್ ಎಂಬ ಅಚ್ಚುಕಟ್ಟು ಇದೆ. ಅಲ್ಲಿಯೂ ಸವಳು-ಜವಳು. 1961ರಲ್ಲಿ ಅಲ್ಲಿನವರು ಅಂತರ್ಜಲದ ಉಪ್ಪುನೀರನ್ನು ಪಂಪಿನಿಂದ ಎತ್ತಿ ಬಸಿಗಾಲುವೆಯಲ್ಲಿ ಕೊಲರಾಡೋ ನದಿಗೆ ಬಿಟ್ಟರು. ಹೊಲ ಉಳಿಯಿತು. ಆದರೆ ಗಡಿಯಾಚೆ ಮೆಕ್ಸಿಕೋದ ಮೆಕ್ಸಿಕಾಲಿ ಕಣಿವೆಯ ರೈತರ ಕಾಲುವೆಗೆ ಉಪ್ಪುನೀರು ಬಂತು, ಬೆಳೆ ಸುಟ್ಟಿತು. ಒಪ್ಪಂದದ ಪ್ರಕಾರ ಕೊಡಬೇಕಾದಷ್ಟು ನೀರು ಕೊಟ್ಟಿದ್ದೇವಲ್ಲ ಎಂದು ಅಮೆರಿಕ ವಾದಿಸಿತು. ನೀವು ಕೊಟ್ಟದ್ದು ನೀರಲ್ಲ ಎಂದು ಮೆಕ್ಸಿಕೋ ಹೇಳಿತು. ಹನ್ನೆರಡು ವರ್ಷಗಳ ಹಗ್ಗಜಗ್ಗಾಟದ ನಂತರ ಎರಡು ದೇಶಗಳೂ ಒಂದು ಸಂಖ್ಯೆಗೆ ಸಹಿ ಹಾಕಿದವು. ಮೇಲಿನ ಇಂಪೀರಿಯಲ್ ಅಣೆಕಟ್ಟಿನಲ್ಲಿ ಇರುವ ಉಪ್ಪಿಗಿಂತ ಮೆಕ್ಸಿಕೋಗೆ ಸೇರುವ ನೀರಿನಲ್ಲಿ ವಾರ್ಷಿಕ ಸರಾಸರಿ ಹತ್ತು ಲಕ್ಷಕ್ಕೆ 115 ಭಾಗಕ್ಕಿಂತ ಹೆಚ್ಚು ಇರಕೂಡದು, 30 ಭಾಗ ಆಚೀಚೆ ಆಗಬಹುದು. ಮಾರನೆಯ ವರ್ಷವೇ ಅಲ್ಲಿ ಉಪ್ಪಿನ ನಿಯಂತ್ರಣಕ್ಕೆಂದೇ ಕಾನೂನು ಬಂತು. ಅದೇ 1974ರಲ್ಲಿ ನಮ್ಮಲ್ಲೂ ಜಲಮಾಲಿನ್ಯ ತಡೆ ಕಾಯ್ದೆ ಬಂತು. ಅದರ ಕಣ್ಣು ಕಾರ್ಖಾನೆಯ ಕೊಳವೆ ಮತ್ತು ಊರಿನ ಚರಂಡಿಯ ಮೇಲೆ ನೆಟ್ಟಿತು, ಲಕ್ಷಾಂತರ ಎಕರೆಯ ಬಸಿನೀರು ಆ ಕಣ್ಣಿಗೆ ಬೀಳಲಿಲ್ಲ.

ಬಚಾವತ್ ಅವರ ಮುಂದೆ ಉಪ್ಪಿನ ಪ್ರಶ್ನೆಯನ್ನು ಮುಖ್ಯವಾಗಿಟ್ಟು ಯಾರೂ ಜಗಳ ಆಡಲಿಲ್ಲ, ಆದ್ದರಿಂದ ನಾನು ನ್ಯಾಯಾಧಿಕರಣವನ್ನು ದೂರುವುದಿಲ್ಲ. ಆಗ ನಾರಾಯಣಪುರದ ಕಾಲುವೆಯಲ್ಲಿ ನೀರೇ ಬಂದಿರಲಿಲ್ಲ. ನನ್ನ ದೂರು ಆಮೇಲಿನ ಐವತ್ತು ವರ್ಷಗಳ ಮೇಲೆ. ಈಗ ಕೃಷ್ಣಾ ಮೇಲ್ದಂಡೆ ಯೋಜನೆಯ ಮೊದಲೆರಡು ಹಂತಗಳ ಅಚ್ಚುಕಟ್ಟು 6.22 ಲಕ್ಷ ಹೆಕ್ಟೇರ್. ಮೂರನೇ ಹಂತಕ್ಕೆ 130 ಟಿಎಂಸಿ. ಆಲಮಟ್ಟಿಯ ಎತ್ತರ 519.6 ಮೀಟರಿನಿಂದ 524.256 ಮೀಟರಿಗೆ ಏರಬೇಕು ಎಂಬುದರ ಸುತ್ತ ರಾಜಕೀಯ ಸುತ್ತುತ್ತಿದೆ. ಎತ್ತರ ಏರಿದ ಮೇಲೆ ಹರಿಯುವ ನೀರು ಎಷ್ಟು ಉಪ್ಪನ್ನು ಎಲ್ಲಿ ಇಳಿಸುತ್ತದೆ ಎಂದು ಕೇಳಿದರೆ ಕೇಳಿದವರನ್ನು ನಾಡದ್ರೋಹಿ ಎಂಬಂತೆ ನೋಡಲಾಗುತ್ತದೆ.

ಈ ವಾದಕ್ಕೆ ನಾನು ಕೇಳಿದ ಮೊದಲ ಉತ್ತರ: “ಹೊಳಿಗಿ ಬಿಟ್ಟರಾತು ಬಿಡ್ರಿ, ಮಳಿಗಾಲ ಬಂದ್ರ ಎಲ್ಲಾ ತೊಳಕೊಂಡು ಹೋಗ್ತದ.” ಹೊಲ ಕಳೆದುಕೊಂಡ ರೈತರು ಹೀಗೆ ಹೇಳಿದರೆ ನನಗೆ ಅರ್ಥವಾಗುತ್ತದೆ. ಎಂಜಿನಿಯರಿಂಗ್ ಓದಿದವರು ಹೇಳಿದರೆ ಅರ್ಥವಾಗುವುದಿಲ್ಲ. ಪ್ರವಾಹ ಬರುವುದು ವರ್ಷದ ಕೆಲವು ವಾರ. ಬಸಿನೀರು ಒಸರುವುದು ವರ್ಷವಿಡೀ. ಮಾರ್ಚ್‌ನಿಂದ ಮೇ ತನಕ ಹೊಳೆ ಸೊರಗಿ ಮಡುಗಳಲ್ಲಿ, ಬ್ಯಾರೇಜುಗಳ ಹಿಂದೆ ನೀರು ನಿಂತಾಗ ಅದಕ್ಕೆ ಸೇರುವುದು ಮುಖ್ಯವಾಗಿ ಈ ಹಳ್ಳಗಳ ನೀರು. ಜನ-ದನ ಕುಡಿಯುವುದು, ದಂಡೆಯ ಪಂಪ್‌ಸೆಟ್ಟುಗಳು ಎತ್ತುವುದು ಅದೇ ತಿಂಗಳುಗಳಲ್ಲಿ. ವರ್ಷದ ಸರಾಸರಿ ಚೆನ್ನಾಗಿದೆ ಎಂದರೆ ಮೇ ತಿಂಗಳ ಬಾಯಾರಿಕೆ ತೀರುವುದಿಲ್ಲ. ಭೀಮೆಗೆ ಬೇಸಿಗೆಯಲ್ಲಿ ಮಹಾರಾಷ್ಟ್ರ ನೀರು ಬಿಡುವುದಿಲ್ಲ ಎಂದು ಕೂಗುವ ನಾವು, ನಮ್ಮ ಕೆಳಗಿನ ರಾಯಚೂರಿಗೆ ಮತ್ತು ತೆಲಂಗಾಣಕ್ಕೆ ಏನನ್ನು ಬಿಡುತ್ತಿದ್ದೇವೆ ಎಂಬುದಕ್ಕೂ ಉತ್ತರ ಕೊಡಬೇಕು.

ಎರಡನೇ ಉತ್ತರ ಬಸಿಗಾಲುವೆಯದು. ಹೊಲದ ಕೆಳಗೆ ರಂಧ್ರವಿರುವ ಕೊಳವೆ ಹೂಳಿ ನೀರಿನ ಮಟ್ಟ ಇಳಿಸುವ ವಿದ್ಯೆ ನಮ್ಮಲ್ಲಿ ಇಲ್ಲದ್ದಲ್ಲ. ಗಂಗಾವತಿಯ ಸಂಶೋಧನಾ ಕೇಂದ್ರ ತುಂಗಭದ್ರೆಯ ಅಚ್ಚುಕಟ್ಟಿನ ಸವಳಿನ ಮೇಲೆ ದಶಕಗಳಿಂದ ಕೆಲಸ ಮಾಡಿದೆ. ಕೃಷ್ಣಾ ಮೇಲ್ದಂಡೆಯ ಅಚ್ಚುಕಟ್ಟಿನ ಇಸ್ಲಾಂಪುರದಲ್ಲಿಯೇ ಇಂಡೋ-ಡಚ್ ಯೋಜನೆಯಡಿ ಪ್ರಯೋಗ ನಡೆದಿತ್ತು. ಕೊಳವೆ ಹಾಕಿದರೆ ಹೊಲ ಸುಧಾರಿಸುತ್ತದೆ, ಅದರಲ್ಲಿ ವಾದವಿಲ್ಲ. ಕೊಳವೆಯ ಇನ್ನೊಂದು ತುದಿ ಎಲ್ಲಿ ಎಂಬುದು ನನ್ನ ಪ್ರಶ್ನೆ. ಅದು ಹಳ್ಳಕ್ಕೆ, ಹಳ್ಳ ಹೊಳೆಗೆ ಎಂದಾದರೆ ನಾವು ಒಬ್ಬರ ಹೊಲದ ರೋಗವನ್ನು ಇನ್ನೊಬ್ಬರ ಕೊಡಕ್ಕೆ ಸಾಗಿಸಿದಂತಾಯಿತು. ಹೊಳೆಗೆ ಬಿಡದೆ ಕೆರೆಯಲ್ಲಿ ಕೂಡಿಹಾಕಿದರೂ ಅಪಾಯ ಮುಗಿಯುವುದಿಲ್ಲ. ಕ್ಯಾಲಿಫೋರ್ನಿಯಾದ ಕೆಸ್ಟರ್‌ಸನ್ ಕೆರೆಗಳಿಗೆ ಹೀಗೆಯೇ ಬಸಿನೀರು ಬಿಟ್ಟರು. ಅದರ ಜೊತೆ ಬಂದ ಸೆಲೆನಿಯಂನಿಂದ 1983ರಲ್ಲಿ ಹಕ್ಕಿಗಳ ಮರಿಗಳು ವಿಕಾರವಾಗಿ ಹುಟ್ಟಿದ್ದು ಕಂಡಿತು. ಉಪ್ಪುನೀರನ್ನು ಶುದ್ಧ ಮಾಡಿಯೇ ಬಿಡುತ್ತೇವೆ ಎಂದು ಯೂಮಾದಲ್ಲಿ ಕಟ್ಟಿದ ಭಾರಿ ಸ್ಥಾವರ 1992ರಲ್ಲಿ ಪೂರ್ಣಗೊಂಡಿತು. ಅಂದಿನಿಂದ ಅದು ಓಡಿದ್ದೇ ಬೆರಳೆಣಿಕೆಯ ಸಲ, ಅದೂ ಅಲ್ಪಾವಧಿಗೆ. ಕೊನೆಯ ತುದಿಯಲ್ಲಿ ನಿಂತು ಉಪ್ಪನ್ನು ಹಿಡಿಯುವುದು ಶ್ರೀಮಂತ ದೇಶಕ್ಕೂ ದುಬಾರಿ.

ಅದರ ಚಿಕ್ಕ ರೂಪ ನಮ್ಮ ಹಳ್ಳಿಗಳಲ್ಲೇ ಇದೆ. ಬಾವಿ, ಬೋರಿನ ನೀರು ಉಪ್ಪಾಯಿತೆಂದು ಶುದ್ಧ ಕುಡಿಯುವ ನೀರಿನ ಘಟಕ ಬಂತು. ನಾಣ್ಯ ಹಾಕಿದರೆ ಕ್ಯಾನು ತುಂಬುತ್ತದೆ. ಘಟಕ ಉಪ್ಪನ್ನು ಮಾಯ ಮಾಡುವುದಿಲ್ಲ, ಬೇರೆ ಮಾಡುತ್ತದೆ ಅಷ್ಟೆ. ಇನ್ನೂ ಉಪ್ಪಾದ ಉಳಿಕೆ ನೀರು ಹಿಂದಿನ ಕೊಳವೆಯಿಂದ ಗಟಾರಕ್ಕೆ, ಅಲ್ಲಿಂದ ಹಳ್ಳಕ್ಕೆ. ಕುಡಿಯುವ ನೀರಿನ ಭಾರತೀಯ ಮಾನಕದಲ್ಲಿ ಒಂದು ಲೀಟರಿಗೆ ಕರಗಿದ ಲವಣ 500 ಮಿಲಿಗ್ರಾಂ ಒಳಗಿರಬೇಕು ಎಂದಿದೆ. ಅದರ ಪಕ್ಕದ ಕಾಲಮ್ಮಿನಲ್ಲಿ, ಬೇರೆ ಮೂಲ ಇಲ್ಲದಿದ್ದರೆ 2000ದ ತನಕ ನಡೆಯುತ್ತದೆ ಎಂದಿದೆ. ಬೇರೆ ಮೂಲ ಇಲ್ಲದವರು ಯಾರು? ಹೊಳೆಯ ದಂಡೆಯಲ್ಲಿ ಇದ್ದೂ ಕ್ಯಾನು ಹಿಡಿದು ನಿಂತವರು. ಎರಡು ಮಹಾನದಿಗಳ ನಡುವಿನ ತಾಲ್ಲೂಕು ಆ ಎರಡನೇ ಕಾಲಮ್ಮಿನಲ್ಲಿ ಬದುಕಬೇಕಾದದ್ದು ನಾಚಿಕೆಯ ಸಂಗತಿ.

ಮೂರನೇ ಉತ್ತರ ತಪ್ಪನ್ನು ಭತ್ತದ ರೈತರ ತಲೆಗೆ ಕಟ್ಟುತ್ತದೆ. ಇದರಲ್ಲಿ ಅರ್ಧ ಸತ್ಯವಿದೆ. ಕೃಷ್ಣಾ ಮೇಲ್ದಂಡೆಯನ್ನು ರೂಪಿಸಿದ್ದು ಜೋಳ, ಶೇಂಗಾ, ತೊಗರಿ, ಹತ್ತಿಯಂಥ ಕಡಿಮೆ ನೀರಿನ ಬೆಳೆಗಳಿಗೆ. ಕಾಲುವೆಯ ತಲೆಯ ಭಾಗದಲ್ಲಿ ಭತ್ತ ನಿಂತಿತು, ನೀರು ಹೊಲದಲ್ಲಿ ತಿಂಗಳುಗಟ್ಟಲೆ ನಿಂತಿತು, ಅಂತರ್ಜಲ ಏರಿತು, ಬಾಲಕ್ಕೆ ಕಾಲುವೆಯ ನೀರು ಮುಟ್ಟಲಿಲ್ಲ. ಬೆಳೆ ಪದ್ಧತಿ ಉಲ್ಲಂಘನೆ ಎಂದು ಪ್ರತಿವರ್ಷ ಪ್ರಕಟಣೆ ಹೊರಡುತ್ತದೆ, ಪ್ರತಿವರ್ಷ ನಾಟಿ ನಡೆಯುತ್ತದೆ. ಆದರೆ ಸಾಲ ಮಾಡಿ ಬೇಸಾಯ ಮಾಡುವವರು ಮಾರುಕಟ್ಟೆ ಇರುವ ಬೆಳೆ ಬೆಳೆಯುತ್ತಾರೆ. ಭತ್ತಕ್ಕೆ ಮಿಲ್ಲು ಇದೆ, ವ್ಯಾಪಾರಿ ಇದ್ದಾರೆ. ಜೋಳಕ್ಕೆ ಬೆಂಬಲ ಬೆಲೆ ಕಾಗದದಲ್ಲಿದ್ದರೂ ಕಟಾವಿನ ಹೊತ್ತಿಗೆ ಖರೀದಿ ಕೇಂದ್ರದ ಬಾಗಿಲು ತೆರೆದಿರಬೇಕಲ್ಲ? ಜೋಳದ ರೊಟ್ಟಿಯನ್ನು ನಮ್ಮ ಸಂಸ್ಕೃತಿ ಎಂದು ವೇದಿಕೆಯಲ್ಲಿ ಹೊಗಳಿ, ಜೋಳ ಬೆಳೆದವರನ್ನು ಮಾರುಕಟ್ಟೆಯಲ್ಲಿ ಕೈಬಿಟ್ಟರೆ ಕೃಷ್ಣೆಗೆ ಉಪ್ಪು ಸೇರುತ್ತದೆ. ಈ ಎರಡು ಸಂಗತಿಗಳಿಗೆ ಸಂಬಂಧವಿದೆ ಎಂಬುದನ್ನು ನಮ್ಮ ಆಡಳಿತ ಒಪ್ಪಿಕೊಳ್ಳಬೇಕು.

ಹಾಗಾದರೆ ಮಾಡಬೇಕಾದ್ದೇನು? ಆಸ್ಟ್ರೇಲಿಯಾದ ಮರ್ರೆ ನದಿಯ ಉದಾಹರಣೆ ಇದೆ. ಅಲ್ಲಿ ನದಿಗೆ ಸೇರುವ ಮುನ್ನವೇ ಉಪ್ಪು ಅಂತರ್ಜಲವನ್ನು ಬೋರುಗಳಿಂದ ಎತ್ತಿ, ಕೊಳವೆಯಲ್ಲಿ ದೂರ ಸಾಗಿಸಿ, ಬಯಲಿನಲ್ಲಿ ಆವಿ ಮಾಡುವ ಯೋಜನೆಗಳಿವೆ. ನಮಗೆ ಆ ಬೋರು, ಕೊಳವೆಗಳಿಗಿಂತ ಅವರ ಖಾತೆಪುಸ್ತಕ ಮುಖ್ಯ. 1988ರಲ್ಲಿ ಅಲ್ಲಿನ ರಾಜ್ಯಗಳು ಉಪ್ಪಿನ ಬಗ್ಗೆ ಒಂದು ಒಪ್ಪಂದಕ್ಕೆ ಬಂದವು. ಮಾರ್ಗನ್ ಎಂಬ ಊರಿನ ಬಳಿ ನದಿಯ ಉಪ್ಪು ಇಷ್ಟರೊಳಗೇ ಇರಬೇಕು ಎಂದು ಗುರಿ ಇಟ್ಟುಕೊಂಡರು. ಯಾವ ರಾಜ್ಯದ ಯಾವ ಹೊಸ ನೀರಾವರಿ ನದಿಗೆ ಎಷ್ಟು ಉಪ್ಪು ಸೇರಿಸಿತು, ಯಾವ ಕ್ರಮ ಎಷ್ಟು ತಡೆಯಿತು ಎಂಬುದನ್ನು ಜಮಾ-ಖರ್ಚಿನ ಹಾಗೆ ಬರೆದಿಡುತ್ತಾ ಬಂದರು. ಹೊಸ ಅಚ್ಚುಕಟ್ಟು ಬೇಕೆಂದರೆ ಅದರ ಉಪ್ಪಿಗೆ ಸರಿದೂಗುವ ಜಮಾ ತೋರಿಸಬೇಕು.

ಅಂಥ ಪುಸ್ತಕವನ್ನು ಭೀಮರಾಯನಗುಡಿಯಲ್ಲಿ ತೆರೆಯಬಹುದು. ಅಲ್ಲಿ ಅಚ್ಚುಕಟ್ಟು ಪ್ರದೇಶಾಭಿವೃದ್ಧಿ ಪ್ರಾಧಿಕಾರವಿದೆ, ಕೃಷಿ ಕಾಲೇಜೂ ಇದೆ. ಪ್ರತಿ ಹಳ್ಳ ಹೊಳೆ ಸೇರುವ ಬಾಯಿಯಲ್ಲಿ ತಿಂಗಳಿಗೊಮ್ಮೆ ನೀರಿನ ಹರಿವನ್ನೂ ವಿದ್ಯುತ್ ವಾಹಕತೆಯನ್ನೂ ಅಳೆಯಲಿ. ವಾಹಕತೆ ಅಳೆಯುವ ಉಪಕರಣ ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕದು, ಬಿ.ಎಸ್ಸಿ. ವಿದ್ಯಾರ್ಥಿಗಳು ಒಂದು ಮಧ್ಯಾಹ್ನದಲ್ಲಿ ಕಲಿಯಬಹುದು. ಆ ಅಂಕಿಗಳು ಜಲಾಶಯದ ಮಟ್ಟದ ಪಕ್ಕದಲ್ಲೇ ಪ್ರಕಟವಾಗಲಿ. ಕಾಲುವೆಗೆ ನೀರು ಬಿಡುವ ದಿನ ನಿಗದಿ ಮಾಡುವ ನೀರಾವರಿ ಸಲಹಾ ಸಮಿತಿಯ ಸಭೆಯಲ್ಲಿ ಉಪ್ಪಿನ ಲೆಕ್ಕ ಮೊದಲ ವಿಷಯವಾಗಲಿ. ಯಾವ ವಿತರಣಾ ಕಾಲುವೆಯ ಕೆಳಗಿನ ಹಳ್ಳ ಹೆಚ್ಚು ಉಪ್ಪು ಕಾರುತ್ತದೆಯೋ ಅಲ್ಲಿ ಸೋರಿಕೆ ತಡೆಯುವ ಕೆಲಸ ಮೊದಲು, ಸರದಿಯ ನೀರು ಕಟ್ಟುನಿಟ್ಟು, ಜೋಳ-ತೊಗರಿ-ಶೇಂಗಾದ ಖರೀದಿ ಕೇಂದ್ರವೂ ಅಲ್ಲೇ ಮೊದಲು. ಇಳಿಯದ ನೀರು ಉಪ್ಪನ್ನು ಕರಗಿಸುವುದಿಲ್ಲ, ಏರದ ಅಂತರ್ಜಲ ಹೊಳೆಗೆ ಒಸರುವುದಿಲ್ಲ. ಇದಕ್ಕಿಂತ ಅಗ್ಗದ ಉಪಾಯ ಇಲ್ಲ.

ಕೊಳವೆ ಬಸಿಗಾಲುವೆ ಬೇಕಾದಲ್ಲಿ ಹಾಕಲಿ, ಆದರೆ ಅದರ ಬಾಯಿಗೆ ಬಾಗಿಲಿರಲಿ. ಬಸಿನೀರು ಸೌಮ್ಯವಾಗಿದ್ದರೆ ಕಾಲುವೆಯ ನೀರಿನ ಜೊತೆ ಬೆರೆಸಿ ಉಪ್ಪು ತಾಳುವ ಬೆಳೆಗೆ ಮತ್ತೆ ಬಳಸಲಿ. ಉಳಿದದ್ದನ್ನು ತಡೆದಿಟ್ಟು ಹೊಳೆ ತುಂಬಿ ಹರಿಯುವ ವಾರಗಳಲ್ಲಿ ಮಾತ್ರ, ಅಳೆದು, ಕೆಳಗಿನವರಿಗೆ ತಿಳಿಸಿ ಬಿಡಲಿ. ಬೇಸಿಗೆಯಲ್ಲಿ ಒಂದು ಹನಿಯೂ ಬೇಡ. ಮೂರನೇ ಹಂತದ 130 ಟಿಎಂಸಿಯ ಯಾವ ಕಾಲುವೆಯೂ ತನ್ನ ಬಸಿನೀರು ಎಲ್ಲಿಗೆ ಹೋಗುತ್ತದೆ ಎಂಬ ಉತ್ತರವಿಲ್ಲದೆ ಗುದ್ದಲಿ ಪೂಜೆ ಕಾಣಬಾರದು.

ಸಾಹಿತ್ಯದ ಪತ್ರಿಕೆಯಲ್ಲಿ ಇದನ್ನೇಕೆ ಬರೆಯಬೇಕು ಎಂದು ಕೆಲವರು ಕೇಳಬಹುದು. ಮುಳುಗಡೆಯ ಬಗ್ಗೆ ನಮ್ಮಲ್ಲಿ ಕಥೆಗಳಿವೆ, ಕಾದಂಬರಿಗಳಿವೆ. ಬರದ ಬಗ್ಗೆ, ನೆರೆಯ ಬಗ್ಗೆ ಪದ್ಯಗಳಿವೆ. ಅವು ಘಟನೆಗಳು, ಅವಕ್ಕೆ ದಿನಾಂಕವಿದೆ, ಫೋಟೋ ಇದೆ. ಸವಳಿಗೆ ದಿನಾಂಕವಿಲ್ಲ. ಒಂದು ವರ್ಷ ಇಳುವರಿ ಎರಡು ಚೀಲ ಕಡಿಮೆ, ಮುಂದಿನ ವರ್ಷ ಇನ್ನೆರಡು, ಆಮೇಲೆ ಒಂದು ಮೂಲೆ ಪಾಳು, ಆಮೇಲೆ ಬೆಂಗಳೂರಿಗೋ ಹೈದರಾಬಾದಿಗೋ ಗುಳೆ. ಕೇಂದ್ರ ಸರ್ಕಾರ ವಿಪತ್ತು ಪರಿಹಾರಕ್ಕೆ ಗುರುತಿಸಿರುವ ಹನ್ನೆರಡು ವಿಪತ್ತುಗಳಲ್ಲಿ ಬರ, ನೆರೆ, ಆಲಿಕಲ್ಲು, ಕೀಟಬಾಧೆ ಎಲ್ಲವೂ ಇವೆ, ಸವಳು ಇಲ್ಲ. ಯಾವುದಕ್ಕೆ ಪರಿಹಾರದ ಪಟ್ಟಿಯಲ್ಲಿ ಹೆಸರಿಲ್ಲವೋ ಅದಕ್ಕೆ ಬರಹದಲ್ಲಾದರೂ ಹೆಸರಿರಬೇಕು. ನೀರು ಬಂದರೆ ಗುಳೆ ನಿಲ್ಲುತ್ತದೆ ಎಂದು ನಂಬಿದ ನಾಡು ಇದು. ಆ ನಂಬಿಕೆ ಸುಳ್ಳಲ್ಲ, ನೀರಾವರಿಯಿಂದ ಇಲ್ಲಿ ಸಾವಿರಾರು ಮನೆಗಳ ಒಲೆ ಹೊತ್ತಿದೆ. ಆ ಒಲೆ ಆರಬಾರದು ಎಂಬುದಕ್ಕಾಗಿಯೇ ಈ ಜಗಳ.

ಹೊಳೆಯನ್ನು ತಾಯಿ ಎಂದು ಕರೆದು ಬಾಗಿನ ಕೊಡುವವರು ಪ್ರತಿವರ್ಷ ಆಲಮಟ್ಟಿಗೆ ಹೋಗುತ್ತಾರೆ. ಅವರು ಹೋಗಲಿ, ನನ್ನ ಅಡ್ಡಿಯಿಲ್ಲ. ಬಾಗಿನ ಕೊಟ್ಟು ಬರುವಾಗ ಒಮ್ಮೆ ಕೆಳಗಿನ ಯಾವುದಾದರೂ ಹಳ್ಳದ ಬಾಯಿಗೂ ಬರಲಿ. ಅಲ್ಲಿನ ನೀರನ್ನು ಒಂದು ಬಾಟಲಿಯಲ್ಲಿ ಹಿಡಿದು, ಅದರ ಉಪ್ಪು ಎಷ್ಟು ಎಂದು ಅಳೆಸಿ, ಆ ಸಂಖ್ಯೆಯನ್ನು ವಿಧಾನಸಭೆಯಲ್ಲಿ ಓದಿ ಹೇಳಲಿ. ಟಿಎಂಸಿಯ ಪಕ್ಕದಲ್ಲಿ ಆ ಸಂಖ್ಯೆ ಕಡತಕ್ಕೆ ಸೇರಿದ ದಿನ ವಡಗೇರಾದ ಬಾಲದ ರೈತರಿಗೆ ವಾದಿಸಲು ಒಂದು ಆಧಾರ ಸಿಗುತ್ತದೆ. ಅಲ್ಲಿಯವರೆಗೆ ನಾವು ಓದುವ ಜಲಾಶಯದ ಲೆಕ್ಕ ಅರ್ಧ ಲೆಕ್ಕವೇ.